ಪಾಲು ಕೈ ಬದಲಾದರೆ ಹೊಣೆ ಯಾರದ್ದು? ಸುಡಾನ್ ತೈಲ, ಮಂಗಳೂರು ಮತ್ತು ನಾವು

ಸುಡಾನ್ ಅನ್ನೋ ದೇಶದ ಹೆಸರನ್ನ ನಮ್ಮಲ್ಲಿ ಬಹಳ ಜನ ಗಮನಕೊಟ್ಟು ಕೇಳಿದ್ದು 2023ರ ಏಪ್ರಿಲ್‌ನಲ್ಲಿ. ಅಲ್ಲಿ ಯುದ್ಧ ಶುರುವಾದಾಗ, ಗಿಡಮೂಲಿಕೆ ಔಷಧಿ ಮಾರೋಕೆ ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಸಿಕ್ಕಿಹಾಕಿಕೊಂಡಿದ್ದರು. ಕೇಂದ್ರ ಸರ್ಕಾರ ‘ಆಪರೇಷನ್ ಕಾವೇರಿ’ ಅನ್ನೋ ಹೆಸರಲ್ಲಿ ಸಾವಿರಾರು ಭಾರತೀಯರನ್ನ ಅಲ್ಲಿಂದ ಕರೆತಂತು. ಆ ವಿಡಿಯೊಗಳು ನಿಮ್ಮ ಫೋನಿಗೂ ಬಂದಿರಬಹುದು.

ಆದರೆ ಸುಡಾನ್ ಜೊತೆ ಕರ್ನಾಟಕದ ನಂಟು ಅದಕ್ಕಿಂತ 20 ವರ್ಷ ಹಳೇದು. 2003ರ ಮೇ ತಿಂಗಳಲ್ಲಿ ಸುಡಾನ್‌ನ ಕಚ್ಚಾ ತೈಲ ಹೊತ್ತ ಹಡಗು ಮಂಗಳೂರಿಗೆ ಬಂತು. ಆ ತೈಲಕ್ಕೆ ‘ನೈಲ್ ಬ್ಲೆಂಡ್’ ಅಂತ ಹೆಸರು. ಅದನ್ನ ಶುದ್ಧೀಕರಿಸಿದ್ದು ಎಂಆರ್‌ಪಿಎಲ್. ಮಾಮೂಲಿ ಆಮದು ತೈಲ ಅಲ್ಲ ಅದು. ಭಾರತ ಸರ್ಕಾರದ ಒಡೆತನದ ಕಂಪನಿಯೊಂದು ಸುಡಾನ್‌ನ ಬಾವಿಗಳಲ್ಲಿ ದುಡ್ಡು ಕೊಟ್ಟು ಪಾಲು ಕೊಂಡಿತ್ತು. ಆ ಪಾಲಿನ ತೈಲ ಮನೆಗೆ ಬಂದಿತ್ತು.

ಆ ಪಾಲನ್ನ ಮಾರಿದ್ದು ಕೆನಡಾದ ಒಂದು ಕಂಪನಿ. ಯಾಕೆ ಮಾರಿತು? ಲಾಭ ಇರಲಿಲ್ಲ ಅಂತಲ್ಲ. ಲಾಭ ಚೆನ್ನಾಗೇ ಇತ್ತು. ‘ನಿಮ್ಮ ತೈಲಕ್ಕೋಸ್ಕರ ಊರುಗಳನ್ನ ಸುಡ್ತಿದ್ದಾರೆ’ ಅನ್ನೋ ಆರೋಪವನ್ನ ತಡ್ಕೊಳ್ಳೋಕೆ ಆಗದೆ ಮಾರಿತು.

ಹಾಗಾಗಿ ಇವತ್ತಿನ ಪ್ರಶ್ನೆ ಇದು. ಯುದ್ಧ ನಡೀತಿರೋ ಜಾಗದಲ್ಲಿ ತೈಲಕ್ಕೆ ದುಡ್ಡು ಹಾಕಿದ ಕಂಪನಿಗೆ, ಅದರ ಹಿಂದಿರೋ ಸರ್ಕಾರಕ್ಕೆ ಏನು ಹೊಣೆ ಇರುತ್ತೆ? ಪಾಲು ಮಾರಿ ಎದ್ದು ಹೋದರೆ ಹೊಣೆ ಮುಗೀತಾ? ಕೊಂಡವರ ಹೆಗಲಿಗೆ ಬರುತ್ತಾ? ಅಥವಾ ಮಧ್ಯದಲ್ಲೇ ಎಲ್ಲೋ ಮಾಯ ಆಗುತ್ತಾ?

ತೈಲ ಇದ್ದಲ್ಲೇ ಯುದ್ಧ

ಮೊದಲು ಸ್ವಲ್ಪ ಹಿನ್ನೆಲೆ. 2011ರ ಜುಲೈ 9ರವರೆಗೆ ಸುಡಾನ್ ಮತ್ತು ದಕ್ಷಿಣ ಸುಡಾನ್ ಒಂದೇ ದೇಶ. ಅಧಿಕಾರ ಇದ್ದಿದ್ದು ಉತ್ತರದ ಖಾರ್ಟೂಮ್‌ನಲ್ಲಿ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಶೆವ್ರಾನ್ ಕಂಪನಿಗೆ ತೈಲ ಸಿಕ್ಕಿತು. ಅದು ಬಹುಪಾಲು ಇದ್ದಿದ್ದು ದಕ್ಷಿಣದಲ್ಲಿ ಮತ್ತು ಉತ್ತರ-ದಕ್ಷಿಣ ಸೇರೋ ಗಡಿಯಲ್ಲಿ, ನುಯೆರ್ ಮತ್ತು ಡಿಂಕಾ ಜನ ದನ ಮೇಯಿಸಿಕೊಂಡು, ಜೋಳ ಬೆಳೆದುಕೊಂಡು ಇದ್ದ ನೆಲದಲ್ಲಿ.

1983ರಲ್ಲಿ ಉತ್ತರ-ದಕ್ಷಿಣದ ಅಂತರ್ಯುದ್ಧ ಮತ್ತೆ ಶುರುವಾಯ್ತು. ಧರ್ಮ, ಭಾಷೆ, ಅಧಿಕಾರ, ಎಲ್ಲವೂ ಅದಕ್ಕೆ ಕಾರಣ. ತೈಲದ ಹಣ ಯಾರಿಗೆ ಸೇರಬೇಕು ಅನ್ನೋದೂ ಒಂದು ಕಾರಣ. 1984ರಲ್ಲಿ ಬಂಡುಕೋರರು ಶೆವ್ರಾನ್ ಶಿಬಿರದ ಮೇಲೆ ದಾಳಿ ಮಾಡಿದರು, ಮೂವರು ಕೆಲಸಗಾರರು ಸತ್ತರು. ಕಂಪನಿ ಕೆಲಸ ನಿಲ್ಲಿಸಿತು, ಕೊನೆಗೆ 1992ರಲ್ಲಿ ಪೂರ್ತಿ ಕೈತೊಳೆದುಕೊಂಡಿತು. ಈ ಯುದ್ಧ 2005ರವರೆಗೆ ನಡೀತು. ಹೋರಾಟ, ಹಸಿವು, ರೋಗ ಎಲ್ಲ ಸೇರಿ ಸುಮಾರು 20 ಲಕ್ಷ ಜನ ಸತ್ತರು ಅನ್ನೋದು ಸಾಮಾನ್ಯವಾಗಿ ಒಪ್ಪಿರೋ ಅಂದಾಜು.

ಈಗ ನಿಮಗೊಂದು ಪ್ರಶ್ನೆ. ಯುದ್ಧದ ಮಧ್ಯೆ ಬಾವಿ ಕೊರೆಯೋಕೆ ಏನು ಬೇಕು? ರಸ್ತೆ ಬೇಕು. ವಿಮಾನ ಇಳಿಯೋಕೆ ರನ್‌ವೇ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ‘ಭದ್ರತೆ’ ಬೇಕು. ಆ ಭದ್ರತೆ ಕೊಡೋರು ಯಾರು? ಅಲ್ಲಿನ ಸರ್ಕಾರದ ಸೇನೆ. ಅದೇ ಸೇನೆ ಅಲ್ಲಿನ ಜನರ ವಿರುದ್ಧ ಯುದ್ಧ ಮಾಡ್ತಾ ಇದೆ. ಇಡೀ ಸಮಸ್ಯೆಯ ಬೇರು ಇಲ್ಲಿದೆ. ಕಂಪನಿ ಕಾಗದದ ಮೇಲೆ ‘ಭದ್ರತೆ’ ಅಂತ ಬರೆಯುತ್ತೆ. ನೆಲದ ಮೇಲೆ ಅದರ ಅರ್ಥ ‘ಇಲ್ಲಿ ಜನ ಇರಬಾರದು’ ಅಂತ ಆಗಿಬಿಡಬಹುದು.

ಕೆನಡಾ ಕಂಪನಿ ಬಂದಿದ್ದು, ಹೋಗಿದ್ದು

1990ರ ದಶಕದಲ್ಲಿ ಗ್ರೇಟರ್ ನೈಲ್ ಅನ್ನೋ ಒಕ್ಕೂಟ ಹುಟ್ಟಿಕೊಂಡಿತು. ಅದರಲ್ಲಿ ಚೀನಾದ ಸಿಎನ್‌ಪಿಸಿಗೆ ಶೇ 40, ಮಲೇಷ್ಯಾದ ಪೆಟ್ರೊನಾಸ್‌ಗೆ ಶೇ 30, ಕೆನಡಾದ ಟ್ಯಾಲಿಸ್‌ಮನ್ ಎನರ್ಜಿಗೆ ಶೇ 25, ಸುಡಾನ್ ಸರ್ಕಾರಿ ಕಂಪನಿಗೆ ಶೇ 5 ಪಾಲು. ಕೆಂಪು ಸಮುದ್ರದ ಪೋರ್ಟ್ ಸುಡಾನ್‌ವರೆಗೆ ಸುಮಾರು 1,500 ಕಿಲೋಮೀಟರ್ ಪೈಪ್‌ಲೈನ್ ಹಾಕಿದರು. 1999ರ ಆಗಸ್ಟ್‌ನಲ್ಲಿ ರಫ್ತು ಶುರು. ಯುದ್ಧ ಮಾಡ್ತಿದ್ದ ಸರ್ಕಾರದ ಖಜಾನೆಗೆ ಡಾಲರ್ ಹರಿಯೋಕೆ ಶುರುವಾಯ್ತು.

ಕೆನಡಾದಲ್ಲಿ ಗಲಾಟೆ ಎದ್ದಿತು. ಆಗಿನ ವಿದೇಶಾಂಗ ಸಚಿವ ಲಾಯ್ಡ್ ಆಕ್ಸ್‌ವರ್ದಿ ಅವರು ಜಾನ್ ಹಾರ್ಕರ್ ನೇತೃತ್ವದಲ್ಲಿ ಒಂದು ತಂಡ ಕಳಿಸಿದರು. 2000ರ ಆರಂಭದಲ್ಲಿ ವರದಿ ಬಂತು. ತೈಲ ಯುದ್ಧವನ್ನ ಇನ್ನಷ್ಟು ಕೆಡಿಸ್ತಿದೆ, ಹೆಗ್ಲಿಗ್ ಅನ್ನೋ ತೈಲ ಕ್ಷೇತ್ರದ ರನ್‌ವೇಯನ್ನ ಸೇನೆಯ ಹೆಲಿಕಾಪ್ಟರ್ ಮತ್ತು ಬಾಂಬರ್ ವಿಮಾನಗಳು ಬಳಸಿವೆ ಅಂತ ಅದರಲ್ಲಿತ್ತು.

ಇಷ್ಟಾದ ಮೇಲೆ ಕೆನಡಾ ಸರ್ಕಾರ ನಿರ್ಬಂಧ ಹಾಕಿತಾ? ಇಲ್ಲ. ವರದಿ ಬಂತು, ಕಂಪನಿ ತನ್ನ ಕೆಲಸ ಮುಂದುವರಿಸಿತು. ನಿಜವಾದ ಒತ್ತಡ ಬಂದಿದ್ದು ಬೇರೆ ಕಡೆಯಿಂದ. ಚರ್ಚ್‌ಗಳು, ಪಿಂಚಣಿ ನಿಧಿಗಳು, ಮಾನವ ಹಕ್ಕು ಸಂಘಟನೆಗಳು ‘ಈ ಷೇರು ಮಾರಿ’ ಅಂತ ಆಂದೋಲನ ಮಾಡಿದವು. 2001ರಲ್ಲಿ ನ್ಯೂಯಾರ್ಕ್‌ನಲ್ಲಿ ಕೇಸ್ ಬಿತ್ತು. ಅದೇ ವರ್ಷ ಅಮೆರಿಕದ ಸಂಸತ್ತಿನ ಕೆಳಮನೆ, ಸುಡಾನ್‌ನಲ್ಲಿ ತೈಲ ತೆಗೆಯೋ ಕಂಪನಿಗಳು ಅಮೆರಿಕದ ಷೇರುಪೇಟೆಯಲ್ಲಿ ಬಂಡವಾಳ ಎತ್ತಬಾರದು ಅನ್ನೋ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕೊನೆಗೆ ಕಾನೂನಾದಾಗ ಆ ಅಂಶ ಉಳಿಯಲಿಲ್ಲ, ಆದರೆ ಭಯ ಹುಟ್ಟಿಸಿತ್ತು.

2003ರ ಮಾರ್ಚ್‌ನಲ್ಲಿ ಟ್ಯಾಲಿಸ್‌ಮನ್ ತನ್ನ ಶೇ 25 ಪಾಲನ್ನ ಸುಮಾರು 75 ಕೋಟಿ ಡಾಲರ್‌ಗೆ ಮಾರಿ ಹೊರಗೆ ಹೋಯಿತು. ಕೊಂಡಿದ್ದು ನಮ್ಮ ಒಎನ್‌ಜಿಸಿ ವಿದೇಶ್.

ಆಂದೋಲನ ಗೆದ್ದಿತು ಅಂತ ಕೆಲವರು ಸಂಭ್ರಮಿಸಿದರು. ಬಾವಿ? ನಿಲ್ಲಲಿಲ್ಲ. ಒಂದು ಬ್ಯಾರಲ್ ಕೂಡ ಕಡಿಮೆ ಆಗಲಿಲ್ಲ. ಬದಲಾಗಿದ್ದು ಪಾಲುದಾರರ ಹೆಸರು ಮಾತ್ರ.

ಭಾರತ ಯಾಕೆ ಕೊಂಡಿತು

ಇಲ್ಲಿ ನಾವು ನ್ಯಾಯವಾಗಿ ಮಾತಾಡಬೇಕು. ಭಾರತಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಈಗ ಶೇ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತೆ. ಆಗಲೂ ದೊಡ್ಡ ಪಾಲು ಆಮದೇ. ಒಳ್ಳೊಳ್ಳೆ ನಿಕ್ಷೇಪಗಳನ್ನ ಪಾಶ್ಚಾತ್ಯ ಕಂಪನಿಗಳು ಎಂದೋ ಹಿಡಿದು ಕೂತಿದ್ದವು. ತಡವಾಗಿ ಬಂದವರಿಗೆ ಉಳಿದಿದ್ದು ಅಪಾಯ ಇರೋ ಜಾಗಗಳು. ‘ನಾವು ತಗೊಳ್ಳದಿದ್ರೆ ಚೀನಾ ತಗೊಳ್ಳುತ್ತೆ’ ಅನ್ನೋ ವಾದವೂ ಸುಳ್ಳಲ್ಲ. ಶೇ 40 ಅವರ ಕೈಯಲ್ಲೇ ಇತ್ತು.

ಇನ್ನೊಂದು ವಿಷಯ. ಭಾರತ ಒಳಗೆ ಹೋಗೋ ಹೊತ್ತಿಗೆ ಶಾಂತಿ ಮಾತುಕತೆ ನಡೀತಿತ್ತು. 2005ರ ಜನವರಿಯಲ್ಲಿ ಶಾಂತಿ ಒಪ್ಪಂದ ಆಯ್ತು. ದಕ್ಷಿಣದ ತೈಲದ ಆದಾಯವನ್ನ ಉತ್ತರ-ದಕ್ಷಿಣ ಅರ್ಧರ್ಧ ಹಂಚಿಕೊಳ್ಳೋದು ಅಂತ ತೀರ್ಮಾನ ಆಯ್ತು. ಅಂದರೆ ಅತಿ ಭೀಕರ ವರ್ಷಗಳು ಅಂತ ಹೇಳೋ 1999ರಿಂದ 2002ರವರೆಗೆ ನಮ್ಮ ಕಂಪನಿ ಅಲ್ಲಿ ಇರಲೇ ಇಲ್ಲ. ಆ ಕೃತ್ಯಗಳನ್ನ ತಂದು ಭಾರತದ ಕಂಪನಿಯ ತಲೆಗೆ ಕಟ್ಟೋದು ಸರಿಯಲ್ಲ.

ಹಾಗಾದ್ರೆ ಪ್ರಶ್ನೆನೇ ಇಲ್ವಾ? ಇದೆ. ನೀವು ಒಂದು ಸೈಟ್ ಕೊಳ್ತೀರಿ ಅಂದ್ಕೊಳ್ಳಿ. ಮೊದಲು ಏನು ಮಾಡ್ತೀರಿ? ಇ.ಸಿ. ತೆಗೆಸ್ತೀರಿ. ಹಿಂದಿನ ಸಾಲ ಇದೆಯಾ, ಕೇಸ್ ಇದೆಯಾ, ಯಾರನ್ನಾದ್ರೂ ಒಕ್ಕಲೆಬ್ಬಿಸಿ ಮಾರ್ತಿದ್ದಾರಾ ಅಂತ ವಿಚಾರಿಸ್ತೀರಿ. ‘ಹಳೇ ಮಾಲೀಕರ ಕಾಲದ್ದು, ನನಗೇನು ಸಂಬಂಧ’ ಅಂತ ಹೇಳಿದ್ರೆ ನಡೆಯಲ್ಲ. ತೈಲ ಕ್ಷೇತ್ರ ಕೊಳ್ಳುವಾಗ ಭೂಗರ್ಭ ಪರೀಕ್ಷೆ ಮಾಡ್ತಾರೆ, ಎಷ್ಟು ಬ್ಯಾರಲ್ ಇದೆ ಅಂತ ಲೆಕ್ಕ ಹಾಕ್ತಾರೆ. ಆ ನೆಲದಿಂದ ಓಡಿಹೋದ ಜನ ಎಲ್ಲಿದ್ದಾರೆ, ಅವರು ವಾಪಸ್ ಬರಬಹುದಾ, ಅವರಿಗೆ ಪರಿಹಾರ ಯಾರು ಕೊಡ್ತಾರೆ ಅನ್ನೋ ‘ಇ.ಸಿ.’ಯನ್ನ ಯಾರು ತೆಗೆಸಬೇಕು?

ಸ್ವೀಡನ್‌ನ ಕೋರ್ಟ್‌ಗೆ ಬಂದ ಬ್ಲಾಕ್ 5ಎ

ಈಗ ಪಕ್ಕದ ಇನ್ನೊಂದು ತೈಲ ಕ್ಷೇತ್ರಕ್ಕೆ ಹೋಗೋಣ. ಹೆಸರು ಬ್ಲಾಕ್ 5ಎ. ಇಲ್ಲಿ 1997ರಿಂದ ಸ್ವೀಡನ್‌ನ ಲುಂಡಿನ್ ಕಂಪನಿ ಕೆಲಸ ಮಾಡ್ತಿತ್ತು. 2003ರಲ್ಲಿ ತನ್ನ ಪಾಲನ್ನ ಪೆಟ್ರೊನಾಸ್‌ಗೆ ಮಾರಿತು. ಅದೇ ಬ್ಲಾಕ್‌ನಲ್ಲಿ ಆಸ್ಟ್ರಿಯಾದ ಒಎಂವಿ ಕಂಪನಿಗೂ ಪಾಲಿತ್ತು. ಅದನ್ನ ಕೊಂಡಿದ್ದು ಮತ್ತೆ ನಮ್ಮ ಒಎನ್‌ಜಿಸಿ ವಿದೇಶ್, 2004ರಲ್ಲಿ.

2010ರಲ್ಲಿ ಯುರೋಪಿನ ಸ್ವಯಂಸೇವಾ ಸಂಸ್ಥೆಗಳ ಒಂದು ಒಕ್ಕೂಟ ವರದಿ ಪ್ರಕಟಿಸಿತು. ಈ ಪ್ರದೇಶದಲ್ಲಿ ಸುಮಾರು 12,000 ಜನ ಸತ್ತರು, 1,60,000 ಜನ ಊರು ಬಿಟ್ಟು ಓಡಬೇಕಾಯ್ತು ಅನ್ನೋದು ಅದರ ಅಂದಾಜು. ಸ್ವೀಡನ್‌ನ ಪ್ರಾಸಿಕ್ಯೂಟರ್‌ಗಳು ತನಿಖೆ ಶುರು ಮಾಡಿದರು. ಲುಂಡಿನ್ ಮಂಡಳಿಯಲ್ಲಿ 2000ದಿಂದ 2006ರವರೆಗೆ ನಿರ್ದೇಶಕರಾಗಿದ್ದ ಕಾರ್ಲ್ ಬಿಲ್ಟ್ ಆಗ ಅದೇ ದೇಶದ ವಿದೇಶಾಂಗ ಸಚಿವ. ಅವರ ಮೇಲೆ ಆರೋಪಪಟ್ಟಿ ಇಲ್ಲ. ಆದರೆ ಕಂಪನಿ ಮತ್ತು ಸರ್ಕಾರ ಎಷ್ಟು ಹತ್ತಿರ ಇರಬಹುದು ಅನ್ನೋದಕ್ಕೆ ಇದೊಂದು ಉದಾಹರಣೆ.

ತನಿಖೆ 11 ವರ್ಷ ನಡೀತು. 2021ರ ನವೆಂಬರ್‌ನಲ್ಲಿ ಕಂಪನಿಯ ಅಧ್ಯಕ್ಷರಾಗಿದ್ದ ಇಯಾನ್ ಲುಂಡಿನ್ ಮತ್ತು ಸಿಇಒ ಆಗಿದ್ದ ಅಲೆಕ್ಸ್ ಶ್ನೈಟರ್ ಮೇಲೆ ಯುದ್ಧಾಪರಾಧಕ್ಕೆ ಕುಮ್ಮಕ್ಕು ಕೊಟ್ಟ ಆರೋಪ ಹೊರಿಸಿದರು. 2023ರ ಸೆಪ್ಟೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಚಾರಣೆ ಶುರುವಾಯ್ತು. ಅದಕ್ಕೆ ಮೊದಲೇ ಸುಮಾರು ಎರಡೂವರೆ ವರ್ಷದ ಸಮಯ ಮೀಸಲಿಟ್ಟಿದ್ದರು. ಪ್ರಾಸಿಕ್ಯೂಟರ್‌ಗಳ ವಾದ ಏನಂದ್ರೆ, ತೈಲ ಹುಡುಕೋಕೆ ಜಾಗ ಬೇಕಿತ್ತು, ಕಂಪನಿ ಸೇನೆಯಿಂದ ಭದ್ರತೆ ಕೇಳಿತು, ಆ ‘ಭದ್ರತೆ’ ಅಂದ್ರೆ ಬಾಂಬ್ ದಾಳಿ, ಊರು ಸುಡೋದು, ಬೆಳೆ ಸುಡೋದು ಅಂತ ಗೊತ್ತಿದ್ದೂ ಕೇಳಿತು. ಇಬ್ಬರೂ ಆರೋಪವನ್ನ ನಿರಾಕರಿಸಿದ್ದಾರೆ. ಆರೋಪ ಅಂದ್ರೆ ಅಪರಾಧ ಸಾಬೀತು ಅಲ್ಲ, ಅದನ್ನ ಮರೆಯಬಾರದು.

ಆದರೆ ತೀರ್ಪು ಏನೇ ಇರಲಿ, ಒಂದು ವಿಷಯ ಗಮನಿಸಿ. ಪಾಲು ಮಾರಿ 18 ವರ್ಷ ಆದ ಮೇಲೆ ಆರೋಪಪಟ್ಟಿ ಬಂತು. ಅಂದರೆ ಸ್ವೀಡನ್ ಮಟ್ಟಿಗೆ, ಮಾರಿದ ತಕ್ಷಣ ಪ್ರಶ್ನೆ ಮುಗಿಯಲಿಲ್ಲ.

‘ಗೊತ್ತಿತ್ತು’ ಬೇರೆ, ‘ಬೇಕಿತ್ತು’ ಬೇರೆ

ಹಾಗಾದ್ರೆ ಟ್ಯಾಲಿಸ್‌ಮನ್ ಮೇಲೆ ನ್ಯೂಯಾರ್ಕ್‌ನಲ್ಲಿ ಹಾಕಿದ ಕೇಸ್ ಏನಾಯ್ತು? ಬಿದ್ದುಹೋಯ್ತು. ಯಾಕೆ ಅಂತ ಅರ್ಥ ಮಾಡಿಕೊಳ್ಳೋಕೆ ನಮ್ಮೂರಿನ ಉದಾಹರಣೆ ತಗೊಳ್ಳೋಣ.

ಒಬ್ಬರು ತಮ್ಮ ಟ್ರ್ಯಾಕ್ಟರ್‌ನ ಬಾಡಿಗೆಗೆ ಕೊಡ್ತಾರೆ. ಬಾಡಿಗೆಗೆ ತಗೊಂಡವನು ರಾತ್ರಿ ನದಿಯಿಂದ ಮರಳು ಕದೀತಾನೆ. ಮಾಲೀಕರಿಗೆ ಇದು ಗೊತ್ತು. ಆದರೂ ಬಾಡಿಗೆ ಬರ್ತಿದೆ ಅಂತ ಸುಮ್ಮನಿದ್ದಾರೆ. ಅವರು ತಪ್ಪಿತಸ್ಥರಾ? ‘ಗೊತ್ತಿದ್ದೂ ಕೊಟ್ಟರು, ಹಾಗಾಗಿ ಹೌದು’ ಅನ್ನೋದು ಒಂದು ಅಳತೆ. ‘ಮರಳು ಕದಿಯಲಿ ಅಂತಲೇ ಕೊಟ್ಟಿರಬೇಕು, ಆಗ ಮಾತ್ರ ಹೌದು’ ಅನ್ನೋದು ಇನ್ನೊಂದು ಅಳತೆ.

2009ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಎರಡನೇ ಅಳತೆ ಹಿಡಿಯಿತು. ಅನ್ಯಾಯ ನಡೀತಿದೆ ಅಂತ ಕಂಪನಿಗೆ ಗೊತ್ತಿದ್ರೆ ಸಾಲದು, ಅದು ನಡೀಲಿ ಅನ್ನೋ ಉದ್ದೇಶ ಇರಬೇಕು ಅಂದಿತು. ಯಾವ ತೈಲ ಕಂಪನಿಯ ಉದ್ದೇಶವೂ ಊರು ಸುಡೋದಲ್ಲ, ತೈಲ ತೆಗೆಯೋದು. ಈ ಅಳತೆಯಲ್ಲಿ ಕಂಪನಿಯನ್ನ ಹಿಡಿಯೋದು ಬಹಳ ಕಷ್ಟ. 2010ರಲ್ಲಿ ಸುಪ್ರೀಂ ಕೋರ್ಟ್ ಕೇಸ್ ತಗೊಳ್ಳೋಕೇ ಒಪ್ಪಲಿಲ್ಲ.

ಹೇಗ್‌ನಲ್ಲಿರೋ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಹೋಗಬಹುದಲ್ವಾ ಅಂತ ಕೇಳಬಹುದು. ಅದು ವ್ಯಕ್ತಿಗಳನ್ನ ಮಾತ್ರ ವಿಚಾರಣೆ ಮಾಡುತ್ತೆ, ಕಂಪನಿಗಳನ್ನ ಅಲ್ಲ. ಜೊತೆಗೆ ಭಾರತ ಅದರ ಸದಸ್ಯ ದೇಶವೂ ಅಲ್ಲ.

ಉಳಿಯೋದು 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಒಪ್ಪಿಕೊಂಡ ವ್ಯಾಪಾರ ಮತ್ತು ಮಾನವ ಹಕ್ಕುಗಳ ಮಾರ್ಗದರ್ಶಿ ತತ್ವಗಳು. ಸಾರ ಸರಳ. ಜನರನ್ನ ಕಾಪಾಡೋದು ಸರ್ಕಾರದ ಕರ್ತವ್ಯ. ಹಕ್ಕುಗಳಿಗೆ ಧಕ್ಕೆ ಆಗದ ಹಾಗೆ ನಡ್ಕೊಳ್ಳೋದು ಕಂಪನಿಯ ಹೊಣೆ. ಅನ್ಯಾಯ ಆದವರಿಗೆ ಪರಿಹಾರದ ದಾರಿ ಇರಬೇಕು. ಅದರಲ್ಲಿ ಎರಡು ವಿಷಯ ನಮಗೆ ನೇರವಾಗಿ ಸಂಬಂಧಪಟ್ಟಿದ್ದು. ಸರ್ಕಾರವೇ ಮಾಲೀಕ ಆಗಿರೋ ಕಂಪನಿ ಇದ್ರೆ ಸರ್ಕಾರ ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಸಂಘರ್ಷದ ಪ್ರದೇಶ ಆಗಿದ್ರೆ ಅಪಾಯ ಗುರುತಿಸೋಕೆ ಕಂಪನಿಗೆ ಮೊದಲಿಂದಲೇ ಸಹಾಯ ಮಾಡಬೇಕು. ಆದರೆ ಇವು ತತ್ವಗಳು. ಉಲ್ಲಂಘಿಸಿದ್ರೆ ಜೈಲಿಲ್ಲ, ದಂಡ ಇಲ್ಲ.

ಎದ್ದು ಹೋಗೋದೇ ಪರಿಹಾರನಾ?

ಇಲ್ಲಿ ಒಂದು ಕಷ್ಟದ ಮಾತಿದೆ. ‘ಯುದ್ಧ ಇರೋ ಕಡೆ ಹೋಗಬೇಡಿ’ ಅಂತ ಹೇಳೋದು ಸುಲಭ. ಆದರೆ ಟ್ಯಾಲಿಸ್‌ಮನ್ ಇದ್ದಾಗ ಕೆನಡಾದ ಪತ್ರಿಕೆಗಳು, ಷೇರುದಾರರು, ಸಂಸದರು ಪ್ರಶ್ನೆ ಕೇಳ್ತಿದ್ದರು. ಅದು ಹೋದ ಮೇಲೆ ಆ ಒಕ್ಕೂಟದಲ್ಲಿ ಉಳಿದಿದ್ದು ಸರ್ಕಾರಿ ಒಡೆತನದ ಕಂಪನಿಗಳು ಮಾತ್ರ. ಅವುಗಳ ದೇಶಗಳಲ್ಲಿ ಸುಡಾನ್ ತೈಲದ ಬಗ್ಗೆ ಅಷ್ಟು ಗಲಾಟೆ ಇರಲಿಲ್ಲ. ಅಂದರೆ ಒತ್ತಡ ಕೆಲಸ ಮಾಡ್ತಿದ್ದ ಒಂದೇ ಒಂದು ಹಿಡಿ ಕೈತಪ್ಪಿತು.

ಹಾಗಂತ ಅಲ್ಲೇ ಉಳಿಯೋದು ತಾನಾಗಿಯೇ ಒಳ್ಳೇದಲ್ಲ. ಉಳಿದು ಏನು ಮಾಡಿದ್ರಿ ಅನ್ನೋದು ಮುಖ್ಯ. ರನ್‌ವೇಯಲ್ಲಿ ಯುದ್ಧವಿಮಾನ ಇಳಿಯೋಕೆ ಬಿಡಲ್ಲ ಅಂತ ಒಪ್ಪಂದದಲ್ಲೇ ಬರೆಸೋದು. ಸೇನೆಗೆ ಎಷ್ಟು ಹಣ, ಯಾವ ಲೆಕ್ಕದಲ್ಲಿ ಹೋಯ್ತು ಅಂತ ಪ್ರಕಟಿಸೋದು. ಊರು ಬಿಟ್ಟವರು ದೂರು ಕೊಡೋಕೆ ಒಂದು ಜಾಗ ಇಡೋದು. ಮಾರುವಾಗ ‘ಈ ಬಾಕಿಗಳಿವೆ’ ಅಂತ ಕೊಳ್ಳುವವರ ಕೈಗೆ ಬರಹದಲ್ಲಿ ಕೊಡೋದು. ಹೋಗುವವರಾಗಲಿ ಉಳಿಯುವವರಾಗಲಿ, ಜನರ ಬಾಕಿಯನ್ನ ಪಾಲಿನ ಜೊತೆ ಕಟ್ಟಿಡಬೇಕು. ಇಲ್ಲದಿದ್ರೆ ಆಸ್ತಿ ಕೈ ಬದಲಾಗುತ್ತೆ, ಹೊಣೆ ದಾರಿಯಲ್ಲೇ ಬಿದ್ದುಹೋಗುತ್ತೆ.

ಇದನ್ನ ಬರೀ ನೀತಿಪಾಠ ಅಂದ್ಕೋಬೇಡಿ, ದುಡ್ಡಿನ ಲೆಕ್ಕವೂ ಹೌದು. ಒಎನ್‌ಜಿಸಿ ವಿದೇಶ್ ಖಾರ್ಟೂಮ್‌ನಿಂದ ಪೋರ್ಟ್ ಸುಡಾನ್‌ಗೆ 741 ಕಿಲೋಮೀಟರ್ ಪೈಪ್‌ಲೈನ್ ಕಟ್ಟಿಕೊಟ್ಟಿತು. ಅದರ ಬಾಕಿ ಹಣಕ್ಕೆ ವರ್ಷಗಟ್ಟಲೆ ಕಾಯಬೇಕಾಯ್ತು. 2012ರಲ್ಲಿ ಎರಡೂ ದೇಶಗಳ ಜಗಳದಲ್ಲಿ ಉತ್ಪಾದನೆ ನಿಂತಿತು, ಹೆಗ್ಲಿಗ್‌ನಲ್ಲೇ ಕಾಳಗ ನಡೀತು. 2013ರ ಡಿಸೆಂಬರ್‌ನಲ್ಲಿ ದಕ್ಷಿಣ ಸುಡಾನ್‌ನ ಒಳಗೇ ಯುದ್ಧ ಶುರುವಾದಾಗ ನಮ್ಮ ಸಿಬ್ಬಂದಿಯನ್ನ ವಾಪಸ್ ಕರೆಸಬೇಕಾಯ್ತು. ಜನರ ಸಿಟ್ಟಿನ ಮೇಲೆ ಕಟ್ಟಿದ ಬಾವಿ ನೆಮ್ಮದಿಯಾಗಿ ತೈಲ ಕೊಡಲ್ಲ.

ಮಾಲೀಕರು ಯಾರು ಗೊತ್ತಾ?

ಒಎನ್‌ಜಿಸಿ ವಿದೇಶ್ ಪೂರ್ತಿಯಾಗಿ ಒಎನ್‌ಜಿಸಿಗೆ ಸೇರಿದ್ದು. ಒಎನ್‌ಜಿಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಷೇರು ಕೇಂದ್ರ ಸರ್ಕಾರದ್ದು. ದೊಡ್ಡ ವಿದೇಶಿ ಹೂಡಿಕೆಗೆ ಸಚಿವ ಸಂಪುಟದ ಒಪ್ಪಿಗೆ ಬೇಕು. ಉಳಿದ ಷೇರುಗಳಲ್ಲಿ ನಮ್ಮ ನಿಮ್ಮ ದುಡ್ಡೂ ಇದೆ. ನಿಫ್ಟಿ 50 ಇಂಡೆಕ್ಸ್ ಫಂಡ್‌ಗೆ ತಿಂಗಳಿಗೆ 500 ರೂಪಾಯಿ ಎಸ್‌ಐಪಿ ಹಾಕ್ತಿದ್ರೆ, ಅದರಲ್ಲೊಂದು ಚೂರು ಒಎನ್‌ಜಿಸಿಗೆ ಹೋಗ್ತಿದೆ. ನಿಮ್ಮ ಪಿಎಫ್ ಹಣದ ಒಂದು ಭಾಗವನ್ನ ಇಪಿಎಫ್‌ಒ ಕೂಡ ಇಂಥ ಸೂಚ್ಯಂಕ ನಿಧಿಗಳಲ್ಲೇ ಹಾಕುತ್ತೆ.

ಹಾಗಾದ್ರೆ ನಮ್ಮಲ್ಲಿ ಪ್ರಶ್ನೆ ಕೇಳೋರು ಯಾರು? ಸಿಎಜಿ ಈ ಕಂಪನಿಯ ವಿದೇಶಿ ಹೂಡಿಕೆಗಳನ್ನ ಪರಿಶೀಲಿಸಿದೆ, ಆದರೆ ಅದು ನೋಡೋದು ಮುಖ್ಯವಾಗಿ ಹಣದ ಲೆಕ್ಕ. 2019ರಲ್ಲಿ ಕೇಂದ್ರ ಸರ್ಕಾರ ಜವಾಬ್ದಾರಿಯುತ ವ್ಯಾಪಾರ ನಡವಳಿಕೆಯ ರಾಷ್ಟ್ರೀಯ ಮಾರ್ಗಸೂಚಿ ತಂದಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನದಲ್ಲಿರೋ ಕಂಪನಿಗಳು ಮಾನವ ಹಕ್ಕುಗಳ ಬಗ್ಗೆಯೂ ವರದಿ ಕೊಡಬೇಕು ಅಂತ ಸೆಬಿ ನಿಯಮ ಮಾಡಿದೆ. ಇದು ಒಳ್ಳೆ ಹೆಜ್ಜೆ. ಆದರೆ ಫ್ರಾನ್ಸ್‌ನಲ್ಲಿ 2017ರಲ್ಲಿ ಬಂದ ಕಾನೂನು ಇನ್ನೂ ಮುಂದಿದೆ. ದೊಡ್ಡ ಕಂಪನಿಗಳು ವಿದೇಶದಲ್ಲಿರೋ ತಮ್ಮ ಅಂಗಸಂಸ್ಥೆಗಳಿಂದ ಆಗಬಹುದಾದ ಹಾನಿಗೂ ಮೊದಲೇ ಯೋಜನೆ ಮಾಡಬೇಕು, ಮಾಡದಿದ್ರೆ ಕೋರ್ಟ್‌ಗೆ ಎಳೀಬಹುದು.

ಇದು ಮುಗಿದ ಕತೆ ಅಂದ್ಕೋಬೇಡಿ. ಮೊಜಾಂಬಿಕ್‌ನ ಕಾಬೊ ಡೆಲ್ಗಾಡೊ ಪ್ರಾಂತ್ಯದಲ್ಲಿ ಫ್ರಾನ್ಸ್‌ನ ಟೋಟಲ್ ಎನರ್ಜೀಸ್ ನಡೆಸೋ ದೊಡ್ಡ ಅನಿಲ ಯೋಜನೆ ಇದೆ. ಅದರಲ್ಲಿ ಒಎನ್‌ಜಿಸಿ ವಿದೇಶ್, ಭಾರತ್ ಪೆಟ್ರೋಲಿಯಂ, ಆಯಿಲ್ ಇಂಡಿಯಾ ಮೂರೂ ಸೇರಿ ಶೇ 30 ಪಾಲು ನಮ್ಮದು. ಅಲ್ಲಿ 2017ರಿಂದ ಬಂಡಾಯ ನಡೀತಿದೆ. 2021ರ ಮಾರ್ಚ್‌ನಲ್ಲಿ ಪಾಲ್ಮಾ ಪಟ್ಟಣದ ಮೇಲೆ ದಾಳಿಯಾಯ್ತು, ಅನಿಲ ಯೋಜನೆಯ ಕೆಲಸ ವರ್ಷಗಟ್ಟಲೆ ನಿಂತಿತು. ಕಾವಲಿಗಿದ್ದ ಸೈನಿಕರಿಗೆ ಯೋಜನೆಯಿಂದ ಹಣ ಹೋಗ್ತಿದ್ದ ವ್ಯವಸ್ಥೆ ಕೈಬಿಡಬೇಕು ಅಂತ ಟೋಟಲ್ ತಾನೇ ನೇಮಿಸಿದ್ದ ತಜ್ಞರು 2023ರಲ್ಲಿ ಸಲಹೆ ಕೊಟ್ಟರು. ಸುಡಾನ್‌ನಲ್ಲಿ ಎದ್ದಿದ್ದ ಅದೇ ‘ಭದ್ರತೆ’ಯ ಪ್ರಶ್ನೆ.

ಫ್ರಾನ್ಸ್‌ನಲ್ಲಿ ಇದರ ಬಗ್ಗೆ ಜೋರು ಚರ್ಚೆ ನಡೀತಿದೆ. ಶೇ 30 ಪಾಲು ಇಟ್ಕೊಂಡಿರೋ ನಮ್ಮಲ್ಲಿ? ನಿಮ್ಮ ಸಂಸದರು ಲೋಕಸಭೆಯಲ್ಲಿ ಪ್ರಶ್ನೆ ಕೇಳಬಹುದು. ಒಎನ್‌ಜಿಸಿ ಆರ್‌ಟಿಐ ವ್ಯಾಪ್ತಿಗೆ ಬರುತ್ತೆ, ಹತ್ತು ರೂಪಾಯಿ ಕಟ್ಟಿ ನೀವೇ ಅರ್ಜಿ ಹಾಕಬಹುದು. ಕೇಳಬೇಕಾದ ಪ್ರಶ್ನೆ ಮೂರೇ. ಅಲ್ಲಿ ಕಾವಲಿಗೆ ಯಾರಿದ್ದಾರೆ, ಅವರಿಗೆ ಹಣ ಹೇಗೆ ಹೋಗುತ್ತೆ? ಊರು ಬಿಟ್ಟವರ ಲೆಕ್ಕ ಯಾರ ಹತ್ರ ಇದೆ? ನಾಳೆ ಪಾಲು ಮಾರಿದ್ರೆ ಆ ಲೆಕ್ಕ ಯಾರ ಕೈಗೆ ಹೋಗುತ್ತೆ?

ಅರ್ಜಿ ಹಾಕಿದವರು ಬಂದ ಉತ್ತರವನ್ನ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಓದೋಣ. ‘ಮಾಹಿತಿ ಲಭ್ಯವಿಲ್ಲ’ ಅಂತ ಬಂದ್ರೂ ಕಳಿಸಿ, ಅದೂ ಒಂದು ಉತ್ತರವೇ.